ಡಬ್ಬಿಯೊಳಗಿನ ಲೆಕ್ಕ

ಮಿಶಿಗನ್ನಿನಲ್ಲಿ ಮೋಟಾರ್‌ಸೈಕಲ್ ಇಟ್ಟುಕೊಂಡವರಿಗೆ ವರ್ಷದಲ್ಲಿ ಆರು ತಿಂಗಳು ಮಾತ್ರ ಅದರ ಸುಖ. ಉಳಿದ ಕಾಲವೆಲ್ಲ ಅದು ಗ್ಯಾರೇಜಿನ ಮೂಲೆಯಲ್ಲಿ ಹಳೇ ಬೆಡ್‌ಶೀಟು ಹೊದ್ದು ಮಲಗಿರುತ್ತದೆ. ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಮೊದಲ ಬಿಸಿಲು ಕಂಡ ಆತುರದಲ್ಲಿ, ನನ್ನ 1985ರ ಬಿಎಂಡಬ್ಲ್ಯು ಕೆ100 ಬೈಕಿಗೆ ಬ್ಯಾಟರಿಯನ್ನು ಉಲ್ಟಾ ಜೋಡಿಸಿಬಿಟ್ಟೆ. ಪಟ್ ಎಂದು ಒಂದು ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ತಂತಿ ಸರಿಮಾಡಿ ಸ್ಟಾರ್ಟರ್ ಒತ್ತಿದರೆ ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಪ್ಲಗ್ಗಿನಲ್ಲಿ ಕಿಡಿ ಇತ್ತು, ಪೆಟ್ರೋಲ್ ಬರುತ್ತಿರಲಿಲ್ಲ. ಸೀಟಿನ ಕೆಳಗಿದ್ದ ಅಲ್ಯೂಮಿನಿಯಂ ಡಬ್ಬಿ, ಅಂದರೆ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಕೊಡಬೇಕೆಂದು ನಿರ್ಧರಿಸುವ ಕಂಪ್ಯೂಟರ್, ನನ್ನ ಕೈಯಿಂದಲೇ ಸತ್ತಿತ್ತು.

ಆ ರಾತ್ರಿ ಮೈಸೂರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. "ಡಬ್ಬಿ ಬಿಚ್ಚಿ ನೋಡಿದ್ಯಾ?" ಎಂದರು. ಬಿಚ್ಚಿದ್ದೆ, ಒಳಗೆ ಏನಿದೆಯೋ ಅರ್ಥವಾಗಿರಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ಯಾರೋ ಹೇಳಿದ ಲೆಕ್ಕದಲ್ಲಿ ಗಾಡಿ ಓಡಿಸ್ತಿದ್ದೆ ಅನ್ನು" ಎಂದರು. ಆ ಮಾತು ಚುಚ್ಚಿತು. ಆ ಯಾರೋ ಯಾರು, ಲೆಕ್ಕ ಡಬ್ಬಿಯೊಳಗೆ ಹೋಗಿದ್ದು ಯಾವಾಗ, ಯಾಕೆ ಎಂದು ಹುಡುಕುತ್ತ ಹೋದದ್ದೇ ಈ ಬರಹ.

ಚಿಕ್ಕಪ್ಪ ಮಾತಾಡಿದ್ದು ಅಧಿಕಾರದಿಂದಲೇ. ಅವರು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸಲು ಆರಂಭಿಸಿ, ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಮನೆಮಾತಾಗಿ, 1996ರಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆ ಅದು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಿಕ್ಕಪ್ಪನ ಯೆಜ್ಡಿಯ ಸೇವೆ ನಡೆಯುತ್ತಿತ್ತು. ಕಾರ್ಬ್ಯುರೇಟರಿನ ಏರ್ ಸ್ಕ್ರೂವನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟು, ಆಮೇಲೆ ಕಣ್ಣು ಮುಚ್ಚಿಕೊಂಡು ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ. ಎಂಜಿನ್ನಿನ ದನಿ ಎಲ್ಲಿ ಸಮವಾಗುತ್ತದೋ ಅಲ್ಲಿ ನಿಲ್ಲಿಸುತ್ತಿದ್ದರು. ಪ್ಲಗ್ ಬಿಚ್ಚಿ ನನ್ನ ಕೈಗೆ ಕೊಟ್ಟು, "ಏನು ಬಣ್ಣ?" ಎನ್ನುತ್ತಿದ್ದರು. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬಿಳುಪಾಗಿದ್ದರೆ ಕಡಿಮೆ, ಕಾಫಿಪುಡಿಯ ಬಣ್ಣವಿದ್ದರೆ ಸರಿ. ಲೆಕ್ಕವೆಲ್ಲ ಅವರ ಕಿವಿಯಲ್ಲಿ, ಕಣ್ಣಲ್ಲಿ, ಬೆರಳಲ್ಲಿ ಇತ್ತು.

ಆ ಲೆಕ್ಕ ನಿಜಕ್ಕೂ ರಸಾಯನಶಾಸ್ತ್ರದ್ದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲ್ ಸ್ವಲ್ಪ ಹೆಚ್ಚಾದರೆ ಬೈಕಿಗೆ ಕಸುವು ಬರುತ್ತದೆ, ಆದರೆ ಅರೆಬೆಂದ ಹೊಗೆ ಹೊರಗೆ ಹೋಗುತ್ತದೆ. ತೀರ ಕಡಿಮೆಯಾದರೆ ಎಂಜಿನ್ ಮುಗ್ಗರಿಸುತ್ತದೆ, ಕಾಯುತ್ತದೆ. ಗಾಳಿ ಹರಿಯುವ ವೇಗಕ್ಕೆ ತಕ್ಕಂತೆ ಪೆಟ್ರೋಲನ್ನು ಹೀರಿಸಿಕೊಡುವ ಹಿತ್ತಾಳೆ ಜೆಟ್ಟುಗಳ ಜಾಣತನವೇ ಕಾರ್ಬ್ಯುರೇಟರ್. ಅದು ಅಂದಾಜಿನ ಯಂತ್ರ. ಮುಕ್ಕಾಲು ಶತಮಾನ ಜಗತ್ತು ಆ ಅಂದಾಜಿನಲ್ಲೇ ಓಡಿತು.

ಅಂದಾಜು ಸಾಲದು ಎಂದು ಮೊದಲು ಹೇಳಿದ್ದು ಲಾಸ್ ಏಂಜಲಿಸ್ಸಿನ ಆಕಾಶ. 1940ರ ದಶಕದಲ್ಲಿ ಆ ಊರಿನ ಮೇಲೆ ಕಣ್ಣುರಿಸುವ ಮಬ್ಬು ಕವಿಯತೊಡಗಿತು. ಕಾಲ್ಟೆಕ್‌ನಲ್ಲಿದ್ದ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿಟ್, ವಾಹನಗಳ ಅರೆಬೆಂದ ಹೊಗೆಗೆ ಬಿಸಿಲು ತಾಕಿ ಈ ಮಬ್ಬು ಹುಟ್ಟುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ವಾಹನ ಕಂಪನಿಗಳು ಸುಲಭಕ್ಕೆ ಒಪ್ಪಲಿಲ್ಲ. ಆದರೂ 1966ರ ಹೊತ್ತಿಗೆ ಕ್ಯಾಲಿಫೋರ್ನಿಯಾ ಹೊಗೆಕೊಳವೆಗೆ ಮಿತಿ ಹಾಕಿತು. 1970ರಲ್ಲಿ ಇಡೀ ಅಮೆರಿಕಕ್ಕೆ ಶುದ್ಧ ಗಾಳಿ ಕಾಯ್ದೆ ಬಂತು. ಮೋಟಾರ್‌ಸೈಕಲ್ಲುಗಳಿಗೆ ಆ ಬಿಸಿ ತಟ್ಟಿದ್ದು 1978ರ ಮಾದರಿಗಳಿಂದ.

ಎಲೆಕ್ಟ್ರಾನಿಕ್ಸಿನಿಂದ ಪೆಟ್ರೋಲ್ ಅಳೆಯುವ ಯತ್ನ ಅದಕ್ಕಿಂತ ಹಳೆಯದು. ಅಮೆರಿಕದ ಬೆಂಡಿಕ್ಸ್ ಕಂಪನಿ 1957ರಲ್ಲಿ ಎಲೆಕ್ಟ್ರೊಜೆಕ್ಟರ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಅಂದಿನ ಬಿಡಿಭಾಗಗಳು ಎಂಜಿನ್ನಿನ ಬಿಸಿ, ಕುಲುಕಾಟ ತಾಳಲಿಲ್ಲ. ಅದನ್ನು ಹಾಕಿಸಿಕೊಂಡ ಕೆಲವೇ ಕಾರುಗಳಲ್ಲಿ ಹೆಚ್ಚಿನವು ಮತ್ತೆ ಕಾರ್ಬ್ಯುರೇಟರಿಗೇ ಮರಳಿದವು. ಆ ಪೇಟೆಂಟುಗಳ ಹಕ್ಕು ಪಡೆದ ಜರ್ಮನಿಯ ಬಾಷ್, 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ಹೆಸರಿನಲ್ಲಿ ಅದನ್ನು ಫೋಕ್ಸ್‌ವ್ಯಾಗನ್ 1600 ಕಾರಿಗೆ ಕೂರಿಸಿತು. ಅದು ಅಮೆರಿಕದ ಮಾರುಕಟ್ಟೆಗೆಂದೇ ಹೊರಟ ಕಾರು. ಅಟ್ಟಿದ್ದು ಹೊಗೆಯ ಕಾನೂನು. ಆ ಡಬ್ಬಿಯಲ್ಲಿ ಮೈಕ್ರೊಪ್ರೊಸೆಸರ್ ಇರಲಿಲ್ಲ, ಅದು ಇನ್ನೂ ಹುಟ್ಟಿಯೇ ಇರಲಿಲ್ಲ. ಟ್ರಾನ್ಸಿಸ್ಟರು, ಕೆಪಾಸಿಟರುಗಳನ್ನು ಬೆಸೆದೇ ಲೆಕ್ಕ ಮಾಡಿಸಿದ್ದರು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂದ ಮೋಟ್ರಾನಿಕ್ ನಿಜವಾದ ಡಿಜಿಟಲ್ ಕಂಪ್ಯೂಟರು. ಪೆಟ್ರೋಲು, ಕಿಡಿ ಎರಡರ ಲೆಕ್ಕವೂ ಅದರ ಮೆಮೊರಿಯಲ್ಲಿ ಅಂಕಿಗಳ ಕೋಷ್ಟಕವಾಗಿ ಕೂತಿತು.

ಬೆಂಗಳೂರಿಗೂ ಈ ಬಾಷ್ ಕಂಪನಿಗೂ ಹಳೆಯ ನಂಟು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಆಡುಗೋಡಿಯ ನಮ್ಮ ಮೈಕೋ, ಇದರದೇ ಕೂಸು. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡುತ್ತಿದ್ದ ಊರಿನಲ್ಲೇ ಮುಂದೆ, ಕೋರಮಂಗಲದ ಕಚೇರಿಗಳಲ್ಲಿ, ಜಗತ್ತಿನ ವಾಹನಗಳ ಡಬ್ಬಿಗಳಿಗೆ ಸಾಫ್ಟ್‌ವೇರ್ ಬರೆಯುವ ಎಂಜಿನಿಯರುಗಳೂ ಕೂತರು. ಚಿಕ್ಕಪ್ಪ ಕೇಳಿದ "ಯಾರೋ" ಇಂದು ನಮ್ಮ ಪಕ್ಕದ ಮನೆಯವನೇ ಆಗಿದ್ದರೂ ಆಶ್ಚರ್ಯವಿಲ್ಲ.

ಎರಡು ಚಕ್ರಕ್ಕೆ ಈ ವಿದ್ಯೆ ಬಂದದ್ದು ನಿಧಾನವಾಗಿ. 1980ರಲ್ಲಿ ಕವಾಸಾಕಿ ತನ್ನ ಒಂದು ಸಾವಿರ ಸಿಸಿ ಬೈಕಿಗೆ ಫ್ಯುಯೆಲ್ ಇಂಜೆಕ್ಷನ್ ಹಾಕಿತು. 1982ರಲ್ಲಿ ಹೋಂಡಾದ ಸಿಎಕ್ಸ್500 ಟರ್ಬೊ ಬಂತು. 1983ರ ಕೆ100ರಲ್ಲಿ ಬಿಎಂಡಬ್ಲ್ಯು ನಾಲ್ಕು ಸಿಲಿಂಡರಿನ, 987 ಸಿಸಿಯ ಎಂಜಿನ್ನನ್ನು ಅಡ್ಡಡ್ಡ ಮಲಗಿಸಿ, ಬಾಷ್‌ನ ಎಲ್‌ಇ-ಜೆಟ್ರಾನಿಕ್ ಜೋಡಿಸಿತು. ಆಕಾರ ನೋಡಿ ಜನ ಅದನ್ನು ಹಾರುವ ಇಟ್ಟಿಗೆ ಎಂದು ಕರೆದರು. ಒಳಬರುವ ಗಾಳಿ ಒಂದು ರೆಕ್ಕೆಬಾಗಿಲನ್ನು ತಳ್ಳುತ್ತದೆ. ಅದು ಎಷ್ಟು ತೆರೆಯಿತು ಎನ್ನುವುದರ ಮೇಲೆ ನಾಲ್ಕೂ ಇಂಜೆಕ್ಟರುಗಳು ಒಟ್ಟಿಗೆ, ಎಂಜಿನ್ನಿನ ಪ್ರತಿ ಸುತ್ತಿಗೊಮ್ಮೆ, ಕೆಲವು ಮಿಲಿಸೆಕೆಂಡು ಬಾಯಿ ತೆರೆಯುತ್ತವೆ. ಚಳಿಯಲ್ಲೂ ಬೆಟ್ಟದ ಮೇಲೂ ಸ್ಕ್ರೂಡ್ರೈವರ್ ಮುಟ್ಟದೆ ಓಡುವ ಬೈಕು. ಬದಲಿಗೆ ಸವಾರ ಕೊಟ್ಟದ್ದು ಒಂದೇ: ಒಳಗಿನ ಲೆಕ್ಕ ನೋಡುವ ಅವಕಾಶ.

ಡಬ್ಬಿಗೆ ಬೀಗ ಬಿದ್ದ ಕಾರಣ ಎರಡು ಎಂದು ನನಗೆ ಅನ್ನಿಸುತ್ತದೆ. ಊರಿನ ಗಾಳಿ ಉಳಿಯಬೇಕಾದರೆ ಪ್ರತಿ ಸವಾರನೂ ಮನಬಂದಂತೆ ಸ್ಕ್ರೂ ತಿರುಗಿಸುವಂತಿಲ್ಲ ಎನ್ನುವುದು ಒಂದು, ಅದು ನ್ಯಾಯವಾದದ್ದು. ಲೆಕ್ಕ ಗುಟ್ಟಾಗಿದ್ದರೆ ರಿಪೇರಿಗೆ ನಮ್ಮ ಬಳಿಗೇ ಬರಬೇಕು ಎಂಬ ವ್ಯಾಪಾರ ಇನ್ನೊಂದು. ಎರಡೂ ಒಂದೇ ಬೀಗದಲ್ಲಿ ಕೂತಿದ್ದರಿಂದ ಬಿಡಿಸಿ ನೋಡುವುದು ಕಷ್ಟವಾಯಿತು.

ಬೀಗ ತೆಗೆದವರಲ್ಲಿ ಮೊದಲಿಗರು ರೇಸಿನವರು. 1980ರ ದಶಕದಲ್ಲೇ ಆಸ್ಟ್ರೇಲಿಯಾದ ಹಾಲ್ಟೆಕ್, ಮೋಟೆಕ್ ಕಂಪನಿಗಳು ನಾವೇ ಅಂಕಿ ತುಂಬಬಹುದಾದ ಇಸಿಯು ಮಾರತೊಡಗಿದ್ದವು. ಆಮೇಲೆ ಪವರ್ ಕಮಾಂಡರಿನಂಥ ಸಾಧನಗಳು ಬಂದವು. ಅವು ಮೂಲ ಡಬ್ಬಿಯನ್ನು ಬದಲಿಸದೆ, ಅದರ ಮತ್ತು ಇಂಜೆಕ್ಟರಿನ ನಡುವೆ ಕೂತು ಮಾತು ತಿದ್ದುವ ದುಭಾಷಿಗಳು. ಸಾಮಾನ್ಯನ ಕೈಗೆ ಲೆಕ್ಕ ಮರಳಿದ್ದು 2001ರ ಹೊತ್ತಿಗೆ, ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ರೂಪಿಸಿದ ಮೆಗಾಸ್ಕ್ವರ್ಟ್‌ನಿಂದ. ಅದು ಬಿಡಿಬಿಡಿಯಾಗಿ ಬರುವ ಕಿಟ್. ನಾವೇ ಬೆಸುಗೆ ಹಾಕಿ ಜೋಡಿಸಬೇಕು. ಒಳಗಿದ್ದದ್ದು ಮೋಟೊರೊಲಾದ 8 ಬಿಟ್ಟಿನ ಸಣ್ಣ ಪ್ರೊಸೆಸರು, 8ಕ್ಕೆ 8 ಮನೆಗಳ ಕೋಷ್ಟಕ. ಎಂಜಿನ್ ಕಂಪ್ಯೂಟರ್ ಹೇಗೆ ಯೋಚಿಸುತ್ತದೆ ಎಂಬುದನ್ನು ಸಾವಿರಾರು ಜನ ಅದರಿಂದಲೇ ಕಲಿತರು.

ನಾನು ತಂದದ್ದು ಅದರ ತಮ್ಮನಾದ ಮೈಕ್ರೊಸ್ಕ್ವರ್ಟ್, ಅಂಗೈಯಲ್ಲಿ ಹಿಡಿಸುತ್ತದೆ. ಇಗ್ನಿಷನ್ನಿನ ಡಬ್ಬಿ ಬೇರೆಯಾಗಿದ್ದು ಬದುಕಿ ಉಳಿದಿತ್ತು, ಅದನ್ನು ಮುಟ್ಟಲಿಲ್ಲ. ಹಳೇ ವ್ಯವಸ್ಥೆಯಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿದೆಯೇ, ಪೂರ್ತಿ ತೆರೆದಿದೆಯೇ ಎಂದಷ್ಟೇ ಹೇಳುವ ಸ್ವಿಚ್ಚಿತ್ತು. ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರನ್ನು ಅಲ್ಲಿ ಕೂರಿಸಿದೆ. ಸೈಲೆನ್ಸರಿನ ಕೊಳವೆಗೆ ತೂತು ಮಾಡಿಸಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿದೆ. ಆಮೇಲೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಕಂಡದ್ದು 16ಕ್ಕೆ 16, ಒಟ್ಟು 256 ಮನೆಗಳು. ಅಡ್ಡಕ್ಕೆ ಎಂಜಿನ್ನಿನ ವೇಗ, ಉದ್ದಕ್ಕೆ ಥ್ರಾಟಲ್. ಪ್ರತಿ ಮನೆಯಲ್ಲೂ ನಾನು ತುಂಬಬೇಕಾದ ಒಂದು ಅಂಕಿ. ನಿಮಿಷಕ್ಕೆ 6000 ಸುತ್ತಿನಲ್ಲಿ ಒಂದು ಸುತ್ತಿಗೆ ಸಿಗುವುದು 10 ಮಿಲಿಸೆಕೆಂಡು. ಅಷ್ಟರೊಳಗೆ ಡಬ್ಬಿ ನನ್ನ ಅಂಕಿಯನ್ನು ಓದಿ, ಬಿಸಿ-ತಣ್ಣಗೆ ನೋಡಿ ತಿದ್ದಿ, ಇಂಜೆಕ್ಟರ್ ತೆರೆದು ಮುಚ್ಚಬೇಕು.

ಮೊದಲ ದಿನ ಹತ್ತಿಕೊಂಡಿತು, ಆದರೆ ಕಪ್ಪು ಹೊಗೆ ಗ್ಯಾರೇಜು ತುಂಬಿ, ಎದುರುಮನೆಯವರು ಓಡಿಬಂದರು. ಎರಡನೆಯ ವಾರ ಸಂತೋಷಕ್ಕೆ ಚಿಕ್ಕಪ್ಪನಿಗೆ ವಿಡಿಯೊ ಕರೆ ಮಾಡಿ, ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದೆ. "ಏನೂ ಕೇಳಿಸ್ತಿಲ್ಲ ಕಣೋ" ಎಂದರು. ಫೋನಿನ ಸಾಫ್ಟ್‌ವೇರು ಎಂಜಿನ್ನಿನ ದನಿಯನ್ನು ಗದ್ದಲವೆಂದು ಎಣಿಸಿ ಅಳಿಸಿಹಾಕಿತ್ತು! ಇನ್ನೊಂದು ಡಬ್ಬಿ, ಇನ್ನೊಬ್ಬರ ಲೆಕ್ಕ. "ಪ್ಲಗ್ ಬಿಚ್ಚು" ಎಂದರು. ಬಿಚ್ಚಿ ಕ್ಯಾಮೆರಾಕ್ಕೆ ತೋರಿಸಿದೆ. ಮಸಿ.

ಬೇಸಿಗೆಯಿಡೀ ಬೆನ್ನಚೀಲದಲ್ಲಿ ಲ್ಯಾಪ್‌ಟಾಪ್ ಹೊತ್ತು ಓಡಾಡಿದೆ. ಓಡಿಸುವುದು, ನಿಲ್ಲಿಸುವುದು, ದಾಖಲೆ ನೋಡಿ ಒಂದೊಂದೇ ಮನೆ ತಿದ್ದುವುದು. ಆಗ ಒಂದು ಆಸೆ ಮೆಲ್ಲಗೆ ಹತ್ತಿರ ಬಂತು. ಅಂಕಿಗಳನ್ನು ಸ್ವಲ್ಪ ಏರಿಸಿದರೆ ಬೈಕು ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯುತ್ತಿತ್ತು. ಹೊಗೆ ಹೆಚ್ಚುವಂತೆ ವಾಹನ ಬದಲಿಸಲು ಇಲ್ಲಿನ ಕಾನೂನು ಒಪ್ಪುವುದಿಲ್ಲ ನಿಜ. ಆದರೆ ನಮ್ಮ ರಾಜ್ಯದಲ್ಲಿ ಮೋಟಾರ್‌ಸೈಕಲ್ಲಿನ ಹೊಗೆ ಪರೀಕ್ಷಿಸುವ ಏರ್ಪಾಡೇ ಇಲ್ಲ. ನೋಡುವವರು ಯಾರೂ ಇರಲಿಲ್ಲ, ನಾನು ಮತ್ತು ಆ ಸೆನ್ಸರಿನ ಅಂಕಿ ಬಿಟ್ಟು.

ಆಗ ನೆನಪಾದದ್ದು 2015ರ ಸೆಪ್ಟೆಂಬರ್. ಫೋಕ್ಸ್‌ವ್ಯಾಗನ್ನಿನ ಡೀಸೆಲ್ ಕಾರುಗಳ ಡಬ್ಬಿಯೊಳಗೆ, ಇದು ಪರೀಕ್ಷೆಯೋ ರಸ್ತೆಯೋ ಎಂದು ಗುರುತಿಸುವ ಸಾಫ್ಟ್‌ವೇರ್ ಇತ್ತು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಹಿರಂಗಪಡಿಸಿತು. ಪರೀಕ್ಷೆಯಲ್ಲಿ ಸಾಧು, ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡುಗಳು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಆ ಸಾಫ್ಟ್‌ವೇರ್ ಇತ್ತೆಂದು ಕಂಪನಿಯೇ ಒಪ್ಪಿತು. ಸುಳಿವು ಕೊಟ್ಟದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಕಾರನ್ನು ರಸ್ತೆಗಿಳಿಸಿ ಹೊಗೆ ಅಳೆದು. ಬೀಗ ಹಾಕಿದ್ದರಿಂದ ಗಾಳಿ ಉಳಿಯುತ್ತದೆ ಎಂಬ ನಂಬಿಕೆಗೆ ಅದು ದೊಡ್ಡ ಪೆಟ್ಟು. ಅದೇ ವರ್ಷದ ಅಕ್ಟೋಬರಿನಲ್ಲಿ, ಮಾಲೀಕರು ತಮ್ಮ ವಾಹನದ ಸಾಫ್ಟ್‌ವೇರನ್ನು ರಿಪೇರಿಗೆ, ಕಾನೂನುಬದ್ಧ ಬದಲಾವಣೆಗೆ ಬಿಚ್ಚಿನೋಡಲು ಇಲ್ಲಿನ ಕೃತಿಸ್ವಾಮ್ಯ ನಿಯಮ ವಿನಾಯಿತಿ ನೀಡಿತು.

ಆದರೆ ಬೀಗ ತೆಗೆದವನೂ ಅದೇ ಸುಳ್ಳು ಬರೆದರೆ? ಕಂಪನಿಯನ್ನು ಬೈಯುತ್ತಿದ್ದವನ ಕೈಗೇ ಈಗ ಪೆನ್ನು ಸಿಕ್ಕಿತ್ತು. ನೆಗೆತದ ಅಂಕಿಗಳನ್ನು ಅಳಿಸಿದೆ. ಸಾಮಾನ್ಯ ಓಟದ ಮನೆಗಳನ್ನೆಲ್ಲ 14.7ರ ಸುತ್ತಮುತ್ತ ತಂದು ನಿಲ್ಲಿಸಿದೆ. ಪೂರ್ತಿ ಥ್ರಾಟಲ್ಲಿನಲ್ಲಿ ಮಾತ್ರ, ಎಂಜಿನ್ ಉಳಿಯಲು ಬೇಕಾದಷ್ಟು ಹೆಚ್ಚು ಪೆಟ್ರೋಲ್. ಬೈಕು ಮೊದಲಿಗಿಂತ ವೇಗವಾಗಲಿಲ್ಲ. ಹಳೇ ಡಬ್ಬಿ ಮಾಡುತ್ತಿದ್ದ ಕೆಲಸವನ್ನೇ ಮಾಡಿಸಲು ನನಗೆ ಒಂದು ಬೇಸಿಗೆ ಹಿಡಿಯಿತು. ಆ ಹಳಬರ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಊರಿನಲ್ಲೂ ಈ ಚರಿತ್ರೆ ಒಂದು ಸುತ್ತು ಮುಗಿಸಿದೆ. 2006ರಲ್ಲಿ ಹೀರೋ ಹೋಂಡಾ ಗ್ಲಾಮರ್‌ನಲ್ಲಿ ಇಣುಕಿದ ಫ್ಯುಯೆಲ್ ಇಂಜೆಕ್ಷನ್, 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮದೊಂದಿಗೆ ಹೊಸ ಬೈಕುಗಳಲ್ಲಿ ಹೆಚ್ಚಿನವಕ್ಕೆ ಬಂತು. ಕಳೆದ ಸಲ ಮೈಸೂರಿಗೆ ಹೋದಾಗ ಚಿಕ್ಕಪ್ಪನ ಪರಿಚಯದ ಮೆಕ್ಯಾನಿಕ್ಕಿನ ಅಂಗಡಿಯಲ್ಲಿ, ಸ್ಪ್ಯಾನರುಗಳ ಪಕ್ಕದಲ್ಲಿ ಒಂದು ಸ್ಕ್ಯಾನರ್ ಇತ್ತು. ಅದು ದೋಷ ಹೇಳುತ್ತದೆ, ಲೆಕ್ಕ ತೋರಿಸುವುದಿಲ್ಲ.

ಚಿಕ್ಕಪ್ಪನಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಆ 256 ಮನೆಗಳನ್ನು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದೆಲ್ಲಾ ನೀನೇ ಬರೆದಿದ್ದಾ?"

"ಹೂಂ, ಚಿಕ್ಕಪ್ಪ."

"ಸರಿ ಹಾಗಾದ್ರೆ. ತಪ್ಪಾದ್ರೆ ಬೈಯೋದಕ್ಕೆ ಒಬ್ಬ ಸಿಕ್ಕಿದ" ಎಂದರು. ಆಮೇಲೆ, "ಪ್ಲಗ್ ಈಗ ಏನು ಬಣ್ಣ ಇದೆ?" ಎಂದು ಕೇಳಿದರು.

"ಕಾಫಿಪುಡಿ" ಎಂದೆ.