ಏಕತಾರಿಯಿಂದ ಗಿಟಾರಿನವರೆಗೆ

ರಾಕ್ ಸಂಗೀತವೆಂದರೆ ಗಿಟಾರು, ಡ್ರಮ್ಸು ಮತ್ತು ಕಿರುಚಾಟ ಎಂದು ತಿಳಿದವರು ನಮ್ಮಲ್ಲಿ ಅನೇಕರು. ಆದರೆ 1950ರ ದಶಕದಲ್ಲಿ ಅಮೆರಿಕದಲ್ಲಿ ಅದು ಹುಟ್ಟಿದ್ದು ಆಫ್ರಿಕನ್ ಮೂಲದವರ ಬ್ಲೂಸ್ ಮತ್ತು ಹಳ್ಳಿಗಾಡಿನ ಹಾಡುಗಳ ಬೆರಕೆಯಿಂದ. ಜನಪದದ ಒರಟು ದನಿಗೆ ವಿದ್ಯುತ್ತಿನ ಬಲ ಸೇರಿತು, ಅಷ್ಟೆ. ಕನ್ನಡದಲ್ಲಿ ಇಂಥ ಬೆರಕೆ ಹೇಗಾಯಿತೆಂದು ಹುಡುಕಿ ಹೊರಟರೆ ದಾರಿ ಹಾಸನ ಜಿಲ್ಲೆಯ ಮೂಲಕ ಹಾದುಹೋಗುತ್ತದೆ.

ಸಂಗೀತಲೋಕದಲ್ಲಿ ಈ ಸೀಮೆಗೆ ಹೆಸರು ತಂದದ್ದು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಕಾವೇರಿ ದಡದ ಈ ಹಳ್ಳಿ ಆರ್.ಕೆ. ಶ್ರೀಕಂಠನ್ (1920–2014), ಆರ್.ಕೆ. ಪದ್ಮನಾಭ ಮೊದಲಾದ ಕರ್ನಾಟಕ ಸಂಗೀತ ವಿದ್ವಾಂಸರನ್ನು ಕೊಟ್ಟಿದೆ. ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ಮಂದಿರವೇ ಇದೆ. ಇಲ್ಲಿಯದು ಶ್ರುತಿಶುದ್ಧಿಯ ಪರಂಪರೆ. ಇದೇ ಜಿಲ್ಲೆಯಲ್ಲಿ, ಹೊಳೆನರಸೀಪುರದಿಂದ ಹೆಚ್ಚು ದೂರವಿಲ್ಲದ ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ರಂದು ಹುಟ್ಟಿದ ಸಿ. ಅಶ್ವತ್ಥ್ ಹಿಡಿದದ್ದು ಬೇರೆಯೇ ದಾರಿ.

ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತ ನಾಟಕಗಳಿಗೆ, ಕವಿತೆಗಳಿಗೆ ರಾಗ ಕೂಡಿಸುತ್ತಿದ್ದ ಅಶ್ವತ್ಥ್ 1977ರ 'ಕಾಕನಕೋಟೆ'ಯಿಂದ ಚಿತ್ರರಂಗಕ್ಕೆ ಬಂದರು. ಮರುವರ್ಷ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂತು. ಕನ್ನಡ ಭಾವಗೀತೆಯ ಕ್ಯಾಸೆಟ್ ಯುಗ ಆರಂಭವಾದದ್ದು ಅಲ್ಲಿಂದ. ಕವಿ ಪುಸ್ತಕದಿಂದಿಳಿದು ಮನೆಯ ಟೇಪ್ ರೆಕಾರ್ಡರಿಗೆ ಬಂದ.

ಅಶ್ವತ್ಥರ ದೊಡ್ಡ ಸಾಹಸ ಶಿಶುನಾಳ ಶರೀಫರದು (1819–1889). ಉತ್ತರ ಕರ್ನಾಟಕದ ಭಜನೆ ಮೇಳಗಳಲ್ಲಿ ಏಕತಾರಿ, ದಮ್ಮಡಿಯೊಡನೆ ಬಾಯಿಂದ ಬಾಯಿಗೆ ಸಾಗುತ್ತಿದ್ದ ತತ್ವಪದಗಳು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಆಸಕ್ತಿ ಮತ್ತು ಅಶ್ವತ್ಥರ ಸಂಯೋಜನೆಯಿಂದ ಹಳೆ ಮೈಸೂರಿನ ಮನೆಮನೆಗಳನ್ನೂ ತಲುಪಿದವು. 1990ರ 'ಸಂತ ಶಿಶುನಾಳ ಶರೀಫ' ಚಿತ್ರ ಅವನ್ನು ಇನ್ನಷ್ಟು ಹರಡಿತು. ಅಲ್ಲಿ ಅಶ್ವತ್ಥರ ಕಂಠವನ್ನು ಗಮನಿಸಬೇಕು. ನಯಗೊಳಿಸಿದ ಕಂಠವಲ್ಲ ಅದು. ತಾರಸ್ಥಾಯಿಗೇರಿ ಬಿರುಕು ಬಿಡುವ ಅಂಚಿನಲ್ಲಿ ನಿಲ್ಲುವ, ಎದೆಯಿಂದ ಎದ್ದ ದನಿ. ರಾಕ್ ಗಾಯಕರ ಗುಣವೂ ಅದೇ ಅಲ್ಲವೆ?

ಮುಂದಿನ ಹೆಜ್ಜೆಯನ್ನು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಇಟ್ಟರು. 2008ರಲ್ಲಿ ಬಂದ ಅವರ ತಂಡದ ಮೊದಲ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳಿದ್ದವು. ಅವುಗಳಲ್ಲಿ ಒಂದು 'ಸೋರುತಿಹುದು ಮನೆಯ ಮಾಳಿಗಿ'. ಗಿಟಾರು, ಪಿಟೀಲು, ಡ್ರಮ್ಸಿನ ನಡುವೆ ಈ ಪದಗಳು ಕನ್ನಡ ಬಾರದ ಶ್ರೋತೃಗಳನ್ನೂ ಕುಣಿಸಿದವು.

ಇಲ್ಲೊಂದು ಆಕ್ಷೇಪವಿದೆ. ಸೋರುವ ಮಾಳಿಗೆ ಅಜ್ಞಾನದ ರೂಪಕ. ಕುಣಿಯುವವರಿಗೆ ಅದು ತಿಳಿದೀತೆ? ಅಬ್ಬರದಲ್ಲಿ ಮಾತು ಮುಳುಗುವುದಿಲ್ಲವೆ? ಪ್ರಶ್ನೆ ಹೊಸತಲ್ಲ, ಭಾವಗೀತೆಯಲ್ಲಿ ರಾಗ ಕವಿತೆಯನ್ನು ನುಂಗುತ್ತದೆಂಬ ದೂರು ಕ್ಯಾಸೆಟ್ ಕಾಲದಲ್ಲೂ ಇತ್ತು. ದೂರಿನಲ್ಲಿ ಸತ್ಯಾಂಶವಿದೆ. ಆದರೆ ಇನ್ನೂ ದೊಡ್ಡ ಅಪಾಯ ಒಂದೇ ಧಾಟಿ ಶಾಶ್ವತವಾಗಿಬಿಡುವುದು. ಊರಿಗೊಂದು ಧಾಟಿಯಲ್ಲಿದ್ದ ಪದಕ್ಕೆ ಕ್ಯಾಸೆಟ್ಟು ಒಂದೇ ಅಚ್ಚು ಹಾಕಿತು. ಅಶ್ವತ್ಥರ ಧಾಟಿಯೇ ಶರೀಫರದೆಂದು ನಂಬಿದವರು ಎಷ್ಟೋ ಮಂದಿ. ರಾಕ್ ತಂಡ ಆ ಅಚ್ಚನ್ನು ಒಡೆದು, ಪದ ಇನ್ನೂ ಬದಲಾಗಬಲ್ಲದೆಂದು ತೋರಿಸಿತು.

ಅಶ್ವತ್ಥ್ ತಮ್ಮ ಹುಟ್ಟುಹಬ್ಬದ ದಿನವೇ, 2009ರ ಡಿಸೆಂಬರ್ 29ರಂದು ತೀರಿಕೊಂಡರು. ಅವರ ಹಾಡುಗಳು ಇಂದು ಮೊಬೈಲಿನಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಎ ಬದಿ, ಬಿ ಬದಿ ಎಂಬ ಅನುಕ್ರಮದಲ್ಲಿ ಒಂದು ಧ್ವನಿಸುರುಳಿಯನ್ನು ಪೂರ್ತಿ ಕೇಳುವ ರೂಢಿ ಮಾತ್ರ ತಪ್ಪಿದೆ. ಮನೆಯಲ್ಲಿ ಹಳೆಯ ಸುರುಳಿ ಉಳಿದಿದ್ದರೆ, ಅದು ಬೂಷ್ಟು ಹಿಡಿಯುವ ಮುನ್ನ ಒಮ್ಮೆ ಪೂರ್ತಿ ಕೇಳಿ. ಬಳಿಕ 2008ರ ಆಲ್ಬಮ್ಮನ್ನೂ ಕೇಳಿ. ಸಾಧ್ಯವಾದರೆ ಯಾವುದಾದರೂ ಭಜನೆ ಮೇಳದ ಬಾಯಲ್ಲೂ ಅದೇ ಪದ ಕೇಳಬೇಕು. ಮೂರರಲ್ಲಿ ಯಾವುದು ಮೇಲೆಂಬ ತೀರ್ಪಿಗಿಂತ, ಮೂರರಲ್ಲೂ ಉಳಿದುಬಂದ ಶರೀಫರ ಮಾತು ಯಾವುದೆಂಬುದು ಆಗ ಕಿವಿಗೆ ಬೀಳುತ್ತದೆ.