ನಮ್ಮ ಅರಸರ ನಿಷಿಧಿಗಳು



ಶ್ರೀರಂಗಪಟ್ಟಣದ ಗುಂಬಜನ್ನು ನೋಡದ ಮೈಸೂರಿಗರು ವಿರಳ. 1782ರಲ್ಲಿ ಚಿತ್ತೂರಿನ ಬಳಿ ಮಡಿದ ಹೈದರಾಲಿಯೂ, 1799ರಲ್ಲಿ ಕೋಟೆಯ ಕಾಳಗದಲ್ಲಿ ಬಿದ್ದ ಟೀಪೂ ಸುಲ್ತಾನನೂ ಅಲ್ಲಿ ಒಂದೇ ಮಾಡಿನಡಿ ಮಲಗಿರುವರು. ಆದರೆ ಅದೇ ಕಾವೇರಿಯ ಸೀಮೆಯನ್ನು ಶತಮಾನಗಳ ಕಾಲ ಆಳಿದ ಗಂಗರು ಎಲ್ಲಿ? ಹೊಯ್ಸಳರು ಎಲ್ಲಿ? ಈ ಪ್ರಶ್ನೆಗೆ ಉತ್ತರವನ್ನರಸುವವರು ಗೋರಿಗಳನ್ನು ಬಿಟ್ಟು ಶಿಲಾಶಾಸನಗಳ ಬಳಿಗೆ ಹೋಗಬೇಕು. ದಹನವೇ ರೂಢಿಯಾದ ಕುಲಗಳಲ್ಲಿ ದೇಹವು ಬೂದಿಯಾಗಿ ಹೊಳೆಯನ್ನು ಸೇರಿತು. ಉಳಿದುದು ಕಲ್ಲಿನ ಮೇಲಿನ ಅಕ್ಷರ.

ಗಂಗ ದೊರೆ ಇಮ್ಮಡಿ ಮಾರಸಿಂಹನ ಸಂಗತಿಯನ್ನು ನೋಡೋಣ. ಇವನು ರಾಷ್ಟ್ರಕೂಟರ ಪರವಾಗಿ ಅನೇಕ ಯುದ್ಧಗಳನ್ನು ಗೆದ್ದ ವೀರನು. ಕಡೆಗೆ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನಾಚರಿಸಿ, ಸುಮಾರು 974ರಲ್ಲಿ ದೇಹವನ್ನು ಬಿಟ್ಟನು. ಇದನ್ನು ನಮಗೆ ತಿಳಿಸುವ ಶಾಸನವಾದರೋ ಬಂಕಾಪುರದಲ್ಲಿಲ್ಲ. ಅದು ಬಹುದೂರದ ಶ್ರವಣಬೆಳ್ಗೊಳದಲ್ಲಿ, ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲಿದೆ. ಸತ್ತ ಸ್ಥಳ ಒಂದು, ಸ್ಮರಣೆಯ ಸ್ಥಳ ಮತ್ತೊಂದು.

ಇದಕ್ಕೆ ಹೋಲುವ ಸಂಗತಿ ಸ್ಕಾಟ್ಲೆಂಡಿನ ಚರಿತ್ರೆಯಲ್ಲಿಯೂ ಉಂಟು. 1329ರಲ್ಲಿ ತೀರಿಕೊಂಡ ರಾಬರ್ಟ್ ಬ್ರೂಸ್ ದೊರೆಯ ದೇಹವನ್ನು ಡನ್‌ಫರ್ಮ್‌ಲಿನ್ ಮಠದಲ್ಲಿ ಹೂಳಿದರು. ಹೃದಯವನ್ನು ಮಾತ್ರ ಅವನ ಇಚ್ಛೆಯಂತೆ ಜೇಮ್ಸ್ ಡಗ್ಲಸ್ ಎಂಬ ಸರದಾರನು ಪುಣ್ಯಭೂಮಿಯ ಕಡೆಗೆ ಕೊಂಡೊಯ್ದನು. ಡಗ್ಲಸನು 1330ರಲ್ಲಿ ಸ್ಪೇನ್ ದೇಶದಲ್ಲಿ ಹತನಾಗಲು, ಆ ಹೃದಯವು ಸ್ವದೇಶಕ್ಕೆ ಮರಳಿ ಮೆಲ್ರೋಸ್ ಮಠದ ಮಣ್ಣನ್ನು ಸೇರಿತು. ಅಲ್ಲಿ ಹಂಚಿಹೋದುದು ದೇಹ. ಇಲ್ಲಿ ಹಂಚಿಹೋದುದು ಕೀರ್ತಿ.

ಮಾರಸಿಂಹನು ಸಿಂಹಾಸನಕ್ಕೇರಿಸಲು ಹೆಣಗಿದ ರಾಷ್ಟ್ರಕೂಟ ನಾಲ್ವಡಿ ಇಂದ್ರನೂ 982ರಲ್ಲಿ ಶ್ರವಣಬೆಳ್ಗೊಳದಲ್ಲಿಯೇ ಸಲ್ಲೇಖನದಿಂದ ಮಡಿದನು. ಅವನ ಸ್ಮಾರಕಶಾಸನವು ಅವನ ಚೆಂಡಾಟದ ಚಾತುರ್ಯವನ್ನು ವಿಸ್ತಾರವಾಗಿ ಹೊಗಳುತ್ತದೆ. ರಾಜ್ಯ ಕಳೆದುಹೋದ ರಾಜಪುತ್ರನ ಪಾಲಿಗೆ ಹೊಗಳಲು ಆಟವಾದರೂ ಉಳಿದಿತ್ತು! ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ಅಸ್ತಳಾದಳೆಂಬುದನ್ನು ನಾವು ತಿಳಿಯುವುದೂ ಬೆಳ್ಗೊಳದ ಶಾಸನದಿಂದಲೇ.

ಇನ್ನು ಮೈಸೂರು ಜಿಲ್ಲೆಯ ದೊಡ್ಡಹುಂಡಿಯ ಕಲ್ಲು. ಒಂಬತ್ತನೆಯ ಶತಮಾನದ ಗಂಗ ದೊರೆ ನೀತಿಮಾರ್ಗನು ಮಂಚದ ಮೇಲೆ ಪ್ರಾಣಬಿಡುತ್ತಿರುವುದನ್ನು ಶಿಲ್ಪಿಯು ಅಲ್ಲಿ ಕಂಡರಿಸಿದ್ದಾನೆ. ದೊರೆಯ ಬಳಿಯಲ್ಲಿ ಅವನ ನಿಷ್ಠ ಸೇವಕ ಅಗರಯ್ಯನಿದ್ದಾನೆ. ಅರಸನು ಸ್ವರ್ಗವನ್ನೇರಲು, ಅಗರಯ್ಯನು 'ಕೀಳ್ಗುಂಠೆ'ಯಾದನೆಂದು ಶಾಸನವು ಹೇಳುತ್ತದೆ. ಒಡೆಯನ ಅಡಿಯಲ್ಲಿ ತಾನೂ ಹೂಳಿಸಿಕೊಳ್ಳುವುದೆಂದು ಈ ಪದಕ್ಕೆ ವಿದ್ವಾಂಸರು ಅರ್ಥ ಹೇಳುವರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೂ ಇಂತಹುದೇ. 1220ರಲ್ಲಿ ಇಮ್ಮಡಿ ಬಲ್ಲಾಳನು ಕಾಲವಾದಾಗ ಅವನ ಗರುಡನಾದ ಕುವರ ಲಕ್ಷ್ಮನು ಪತ್ನಿಯೊಡನೆ, ಪರಿವಾರದೊಡನೆ ಪ್ರಾಣ ತೆತ್ತನು. ತಮ್ಮ ತಲೆಗಳನ್ನು ತಾವೇ ಅರಿದುಕೊಳ್ಳುವ ವೀರರ ಆಕೃತಿಗಳು ಆ ಕಂಬದ ಮೇಲಿವೆ. ಸ್ವಾಮಿಭಕ್ತಿಯೆಂದು ಇದನ್ನು ಕೊಂಡಾಡುವವರು, ಒಬ್ಬ ಅರಸನ ಮರಣಕ್ಕೆ ಎಷ್ಟು ಮನೆಗಳು ಬೆಲೆ ತೆತ್ತುವೆಂಬುದನ್ನೂ ಮರೆಯಲಾಗದು.

ಈ ಶಾಸನಗಳು ನಮ್ಮ ಕೈಸೇರಿದುದು ಪುರಾತತ್ತ್ವಜ್ಞರ ಶ್ರಮದಿಂದ. ಬಿ. ಎಲ್. ರೈಸ್ ಅವರು ಶ್ರವಣಬೆಳ್ಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ಅವನ್ನು ಪರಿಷ್ಕರಿಸಿ, ಹಿಗ್ಗಿಸಿ 1923ರಲ್ಲಿ ಮತ್ತೆ ಹೊರತಂದರು. ಆದರೂ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಮಳೆಬಿಸಿಲಿಗೆ ಸವೆಯುವ ಕಲ್ಲುಗಳು ನಾಡಿನಲ್ಲಿ ಇನ್ನೂ ಉಂಟು.

ಬ್ರೂಸನ ಗೋರಿಯನ್ನು ಮತೀಯ ಕಲಹಗಳ ಕಾಲದಲ್ಲಿ ಒಡೆದುಹಾಕಿದ್ದರು. ಆದರೂ 1818ರಲ್ಲಿ ಅಗೆಯುವಾಗ ಅವನದೆಂದು ತಿಳಿಯಲಾದ ಅಸ್ಥಿಗಳು ದೊರೆತುವು. ನಮ್ಮಲ್ಲಿ ಅಗೆದರೆ ದೊರೆಯುವ ಅಸ್ಥಿಗಳಿಲ್ಲ. ಕಲ್ಲಿನ ಅಕ್ಷರ ಅಳಿದರೆ ನೀತಿಮಾರ್ಗನ ಅಂತ್ಯಕಾಲದ ಕಥೆಯೂ ಅಳಿಯಿತು. ಅಗರಯ್ಯನಂತೂ ಹುಟ್ಟಿಯೇ ಇರಲಿಲ್ಲವೆಂಬಂತಾಯಿತು. ನಿಮ್ಮ ಊರಿನ ದಾರಿಯಲ್ಲಿ ಅಕ್ಷರವಿರುವ ಕಲ್ಲು ಕಂಡರೆ, ಅದರ ಮೇಲೆ ಕಾಲಿಡುವ ಮುನ್ನ ಒಂದು ಕ್ಷಣ ನಿಲ್ಲಿರಿ. ಅದು ಒಬ್ಬನ ಸಮಾಧಿಯಾಗಿರಬಹುದು.