ಬೆಲೆಯೇ ಹೆಸರಾದ ಬಿಯರು

ಎಡಿನ್‌ಬರೋದ ಪಬ್ಬುಗಳಲ್ಲಿ ‘ಎಂಬತ್ತು ಶಿಲ್ಲಿಂಗ್’ ಎಂಬ ಬಿಯರು ಇವತ್ತಿಗೂ ಸಿಗುತ್ತದೆ. ಬ್ರಿಟನ್ನಿನಲ್ಲಿ ಶಿಲ್ಲಿಂಗಿನ ಲೆಕ್ಕ ಮುಗಿದದ್ದು 1971ರಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಒಂದು ದೊಡ್ಡ ಪೀಪಾಯಿಗೆ ಬ್ರುವರಿ ಹಾಕುತ್ತಿದ್ದ ಸಗಟು ಬೆಲೆಯೇ ಆ ಬಿಯರಿನ ಹೆಸರಾಯಿತು. ಅರವತ್ತು ಎಂದರೆ ತೆಳು, ಎಂಬತ್ತು ಎಂದರೆ ಗಡುಸು. ನಾಣ್ಯ ಹೋಗಿ ಹೆಸರು ಉಳಿದ ಈ ಕತೆಯಲ್ಲಿ ಬ್ರುವರಿಗಳ ಏಳುಬೀಳೂ ಅಡಗಿದೆ.

ಮೊದಲು ನೀರಿನ ಮಾತು. ಎಡಿನ್‌ಬರೋದಲ್ಲಿ ಹೋಲಿರೂಡ್‌ನಿಂದ ಫೌಂಟನ್‌ಬ್ರಿಜ್‌ವರೆಗೆ ನೆಲದಡಿ ಜಿಪ್ಸಮ್ ಬೆರೆತ ಗಡಸು ನೀರು ಇತ್ತು. ತಿಳಿ ಬಣ್ಣದ, ಹಾಪ್ಸ್‌ನ ಕಹಿಯಿರುವ ಪೇಲ್ ಏಲ್‌ಗೆ ಅದು ಹೇಳಿ ಮಾಡಿಸಿದ ನೀರು. ಹಾಗಾಗಿ ಬಾವಿಗಳ ಸಾಲಿನಲ್ಲೇ ಬ್ರುವರಿಗಳು ಎದ್ದವು. ಇಂಗ್ಲೆಂಡಿನವರು ಅದೇ ಮಾಲ್ಟಿಗೆ ಮತ್ತೆ ಮತ್ತೆ ಬಿಸಿನೀರು ತುಂಬಿ ರಸ ಬಸಿಯುತ್ತಿದ್ದ ಕಾಲದಲ್ಲಿ ಸ್ಕಾಟರು ಮಾಲ್ಟಿನ ಮೇಲೆ ಬಿಸಿನೀರು ಚಿಮುಕಿಸಿ ಸಿಹಿಯನ್ನೆಲ್ಲ ಒಂದೇ ಸಲಕ್ಕೆ ಇಳಿಸಿಕೊಳ್ಳುತ್ತಿದ್ದರು. ಆಮೇಲೆ ತಂಪಿನಲ್ಲಿ ನಿಧಾನವಾಗಿ ಹುದುಗು ಬರಿಸುತ್ತಿದ್ದರು.

ಬಿಯರು ಒಳ್ಳೆಯದಾದರೂ ಊರಲ್ಲಿ ಕುಡಿಯುವವರು ಎಷ್ಟು ಮಂದಿ? ಹೊರಗೆ ಮಾರಲೇಬೇಕಿತ್ತು. ಎಡಿನ್‌ಬರೋವನ್ನು ಗ್ಲಾಸ್ಗೋ ಕಡೆಯ ಜಲಮಾರ್ಗಕ್ಕೆ ಜೋಡಿಸುವ ಯೂನಿಯನ್ ಕಾಲುವೆ 1822ರಲ್ಲಿ ತೆರೆಯಿತು, ಆಮೇಲೆ ರೈಲು ಬಂತು. ವಿಲಿಯಂ ಮೆಕ್ಯುವನ್ 1856ರಲ್ಲಿ ಫೌಂಟನ್‌ಬ್ರಿಜ್‌ನಲ್ಲಿ ಬ್ರುವರಿ ಕಟ್ಟಿದ್ದು ನೀರು, ಕಾಲುವೆ, ಹಳಿ ಮೂರೂ ಕೈಗೆಟಕುವ ಜಾಗದಲ್ಲಿ. ಅಲ್ಲಿಂದ ಬಿಯರು ಭಾರತವೂ ಸೇರಿದಂತೆ ಬ್ರಿಟಿಷ್ ವಸಾಹತುಗಳಿಗೆ ಹಡಗೇರಿತು.

ಸಾಗಾಟಕ್ಕೆ ತಕ್ಕಂತೆ ಪಾತ್ರೆಯೂ ಬದಲಾಯಿತು. ಹತ್ತಿರದ ಪಬ್ಬಿಗೆ ಮರದ ಪೀಪಾಯಿ, ದೂರದೂರಿಗೆ ಬಾಟಲಿ. ನೆಲಮಾಳಿಗೆಯ ಪೀಪಾಯಿಯಿಂದ ಬಿಯರನ್ನು ಮೇಲೆತ್ತಲು ಇಂಗ್ಲೆಂಡಿನಲ್ಲಿ ಕೈಪಂಪು ಜಗ್ಗಿದರೆ, ಸ್ಕಾಟ್‌ಲೆಂಡಿನಲ್ಲಿ ಗಾಳಿಯ ಒತ್ತಡ ಬಳಸುತ್ತಿದ್ದರು. ಪ್ರೆಸ್ಟನ್‌ಪ್ಯಾನ್ಸ್‌ನ ಫೌಲರ್ ಬ್ರುವರಿ ತನ್ನ ತೀರ ಗಡುಸು ಬಿಯರನ್ನು ಚೋಟು ಬಾಟಲಿಯಲ್ಲಿ ತುಂಬಿತು. ‘ವೀ ಹೆವಿ’, ಅಂದರೆ ಪುಟ್ಟದಾದರೂ ಭಾರಿ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಗ್ಲಾಸ್ಗೋದ ಟೆನೆಂಟ್ಸ್ 1885ರಲ್ಲಿ ಲಾಗರ್ ತಯಾರಿಸಿತು, 1930ರ ದಶಕದಲ್ಲಿ ಬಿಯರನ್ನು ಡಬ್ಬಕ್ಕೂ ಇಳಿಸಿತು.

ಬಿಯರಿನ ಜೊತೆಗೆ ಕಸುಬೂ ಸಮುದ್ರ ದಾಟಿತು. ದಕ್ಷಿಣ ಭಾರತದ ಸಣ್ಣ ಬ್ರುವರಿಗಳನ್ನು 1915ರಲ್ಲಿ ಒಂದುಗೂಡಿಸಿ ಬೆಂಗಳೂರಿನ ಯುನೈಟೆಡ್ ಬ್ರುವರೀಸ್ ಕಟ್ಟಿದ ಥಾಮಸ್ ಲೀಶ್ಮನ್ ಕೂಡ ಸ್ಕಾಟನೇ.

ಒಂದುಗೂಡುವ ಈ ಗಾಳಿ ಸ್ಕಾಟ್‌ಲೆಂಡಿನಲ್ಲೂ ಬೀಸಿತು. ಒಂದೇ ಕಾರ್ಖಾನೆಯಿಂದ ದೇಶಕ್ಕೆಲ್ಲ ಬಿಯರು ಹೋಗುವುದಾದರೆ ಊರೂರಿಗೆ ಬ್ರುವರಿ ಯಾಕೆ? ಮೆಕ್ಯುವನ್ ಮತ್ತು ಯಂಗರ್ 1931ರಲ್ಲಿ ಕೈಜೋಡಿಸಿದವು, 1960ರಲ್ಲಿ ನ್ಯೂಕಾಸಲ್ ಜೊತೆ ಸೇರಿ ‘ಸ್ಕಾಟಿಷ್ ಅಂಡ್ ನ್ಯೂಕಾಸಲ್’ ಆದವು. ಹೋಲಿರೂಡ್‌ನ ಬ್ರುವರಿ 1980ರ ದಶಕದಲ್ಲಿ, ಫೌಂಟನ್‌ಬ್ರಿಜ್‌ನದು 2004ರಲ್ಲಿ ಬಾಗಿಲು ಹಾಕಿತು. ದೂರದೂರಿಗೆ ಬಿಯರು ಮುಟ್ಟಿಸಿ ಬೆಳೆದ ಬ್ರುವರಿಗಳನ್ನು ಕೊನೆಗೆ ಆ ದಾರಿಗಳೇ ನುಂಗಿದವು. ದುಡಿಯುವ ಕೈಗಳು ಕೆಲಸ ಕಳೆದುಕೊಂಡವು. ಊರನ್ನು ಹೆಸರುವಾಸಿ ಮಾಡಿದ ಬಾವಿಗಳನ್ನು ಕೇಳುವವರಿಲ್ಲದಾಯಿತು.

ಹೋಲಿರೂಡ್‌ನಲ್ಲಿ ಹಿಂದೆ ಬ್ರುವರಿಯೊಂದು ಇದ್ದ ಜಾಗದಲ್ಲಿ ಈಗ ಸ್ಕಾಟ್‌ಲೆಂಡಿನ ಸಂಸತ್ತು ಕೂರುತ್ತದೆ. ಹತ್ತಿರದ ಪಬ್ಬಿಗೆ ಹೋಗಿ ಎಂಬತ್ತು ಶಿಲ್ಲಿಂಗ್ ಕೇಳಿ, ಕೊಡುತ್ತಾರೆ. ದುಡ್ಡು ಮಾತ್ರ ಪೌಂಡಿನಲ್ಲಿ.